ಮೀಸೆಯ ಮೇಲಿನ ಸಕ್ಕರೆ

ಅವನ ಮೀಸೆಯ ಮೇಲೆ ಏನೋ ಹೊಳೆಯುತ್ತಿದೆ, ಬೆವರಲ್ಲ, ಬೆವರಾದರೆ ಜಾರಬೇಕು, ಇದು ಕೂತುಬಿಟ್ಟಿದೆ — ಸಕ್ಕರೆ ಹರಳು, ಹೌದು, ಸಕ್ಕರೆಯೇ, ಕುತುಬುದ್ದೀನನ ಎಡಮೀಸೆಯ ತುದಿಗೆ ಅಂಟಿಕೊಂಡು ಬಿಸಿಲಿಗೆ ಮಿಣಕ್ ಅನ್ನುತ್ತಿದೆ, ಯಾರ ಮನೆಯ ಸಕ್ಕರೆಯೋ, ಮುಂಜಾನೆಯೇ ಯಾರು ತಿನ್ನಿಸಿದರೋ, ಅವನಿಗೆ ತಿನ್ನಿಸದವರು ಯಾರು, ಟೆರಿಲಿನ್ ಅಂಗಿ, ನೆಲ ಗುಡಿಸುವ ಬೆಲ್‌ಬಾಟಮ್, ಉಸ್ತಾದರ ಕಟ್ಟೆಯ ಮೇಲೆ ಉಸ್ತಾದರ ಮಗ್ಗುಲಲ್ಲೇ ಕೂತಿದ್ದಾನೆ, ನಾನು ಮಮದಾಪುರದಿಂದ ಸೈಕಲ್ ತುಳಿದು ಈಗಷ್ಟೇ ತಿಕೋಟಾಕ್ಕೆ ಬಂದವನು ಕೆಳಗೆ ಮಣ್ಣಿನಲ್ಲಿ, ನಾಲಗೆ ಚರ್ಮದ ತುಂಡಾಗಿದೆ, ಒಂದು ತಂಬಿಗೆ ನೀರು ಕೇಳೋಣವೆಂದರೆ ಅವನೆದುರು ಕೇಳಲು ಮನಸ್ಸಿಲ್ಲ. ಹೋದ ಮೊಹರಮ್ಮಿನಲ್ಲಿ ಬಬಲೇಶ್ವರದವರೂ ನಿಡೋಣಿಯವರೂ ಕರ್ಬಲಾದ ಕತೆ ಹೇಳುವ ಒಂದು ರಿವಾಯತ ಹಾಡಿಗಾಗಿ ಹೊಡೆದಾಡಿದ್ದು, ಹಾಡು ನಮ್ದು, ಕದ್ದೀರಿ ನೀವು, ನಿಮ್ಮಪ್ಪ ಕದ್ದಾನ, ಹಲಗೆ ಹರಿದು, ತಲೆ ಒಡೆದು, ಆಮೇಲೆ ಕಾಸಿಮಸಾಬ ಉಸ್ತಾದರು ಇದೇ ಕಟ್ಟೆಯ ಮೇಲೆ ಕೂತು ಹೇಳಿದ್ದು — ಎಲ್ಲಾ ಹಾಡು ಒಂದ ಕಡೆ ಕೂಡಿಸೂಣು, ಯಾವ ಊರಾಂವರs ಹಾಡಲಿ, ಖರೇ ಕಟ್ಟಿದಾಂವ ಹೂಂ ಅನಬೇಕು, ಅಂವ ಸತ್ತಿದ್ರ ಅವನ ಮನಿಯವರು, ಹೂಂ ಅಂದು ಕೇಳಾಕ ಬಂದವನ ಬಾಯಾಗ ಸಕ್ಕರಿ ಹಾಕಬೇಕು, ಸಕ್ಕರಿ ಬೀಳದ ಹಾಡು ನಮಗ ಬ್ಯಾಡ. ಎಷ್ಟು ಚಂದದ ಮಾತು, ಆವತ್ತು ಕಣ್ಣಲ್ಲಿ ನೀರು ಬಂದಿತ್ತು ನನಗೆ, ಹಾಡಿನ ಕೊನೆಯ ಸಾಲಿನಲ್ಲಿ ಯಾರ ಹೆಸರಿದೆಯೋ ಅವರ ಮನೆ ಹುಡುಕುವುದು, ಅಷ್ಟೇ ಅಲ್ಲವೇ, ನಾನೂ ಮಾಡ್ತೀನ್ರಿ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ.

ಊರು ಹಂಚಿದವನು ಕುತುಬುದ್ದೀನ. ಬಿಜಾಪುರ ನಾ ನೋಡ್ಕೋತೀನಿ, ಅಲ್ಲೇ ನನ್ನ ಕಾಲೇಜು ಐತಿ, ಗುಡುಸಾಬನ ಕಡೆ ಸೈಕಲ್ ಐತಲ್ಲ, ಘೋಣಸಗಿ, ನಿಡೋಣಿ, ಮಮದಾಪುರ ಅವನಿಗಿರಲಿ — ತುಪ್ಪ ಸವರಿದ ಅರ್ಧ ರೊಟ್ಟಿ ತನಗೆ, ಸೀದ ಅಂಚು ನನಗೆ, ಸೈಕಲ್ ನನ್ನದೂ ಅಲ್ಲ, ಪಂಕ್ಚರ್ ಅಂಗಡಿಯದು, ಐದನೆಯ ಇಯತ್ತೆಗೆ ಸಾಲಿ ಬಿಟ್ಟಾಗಿನಿಂದ ಆ ಅಂಗಡಿಯೇ ನನ್ನ ಕಾಲೇಜು. ನಿಡೋಣಿಯ ಭಾಗಪ್ಪ ನಾನು ಹೋದಾಗಲೆಲ್ಲ, ನಾಳಿ ಬಾರೋ ತಮ್ಮಾ, ಇವತ್ತ ಎಮ್ಮಿ ಈಯಾಕತ್ತೈತಿ, ಯಾವ ಎಮ್ಮೆ ವಾರವೆಲ್ಲ ಈಯುತ್ತದೆ, ಘೋಣಸಗಿಯ ರುಕ್ಮವ್ವನ ಹೊಸ್ತಿಲಲ್ಲಿ ಕೂತರೆ, ಏನಪಾ, ಮಾರಿ ಸಣ್ಣದ ಮಾಡ್ಕೊಂಡು ಕುಂತೀದಿ, ಹೆಣ್ಣ ಕೇಳಾಕ ಬಂದೀಯೇನು — ಇಲ್ಲಬೇ, ನಿನ್ನ ಗಂಡನ ಹಾಡು ಕೇಳಾಕ — ಇದ್ದಾಗ ಅವನ ಹಾಡು ಕೇಳಿ ನಾಯಿ ಬೊಗಳತಿದ್ದುವು, ಈಗ ಸೈಕಲ್ ಮ್ಯಾಲ ಬರಾಕತ್ತೀರಿ, ಹಾಡು ನೋಡೂಣು. ಹಾಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ಎದ್ದಳು, ಸಕ್ಕರಿ ಎಲ್ಲೀದೋ ನನ್ನ ಮನ್ಯಾಗ, ಬೆಲ್ಲ ನಡೀತದೇನು, ಎಂದು ಖಾರ ಕುಟ್ಟಿದ ಕೈಯಲ್ಲೇ ತಂದು ಬಾಯಿಗೆ ತುರುಕಿದಳು, ದಾರಿಯುದ್ದಕ್ಕೂ ಬೆಲ್ಲ ಉರಿಯುತ್ತಿತ್ತು, ಸಿಹಿಯಾಗಿಯೂ ಇತ್ತು. ಇದನ್ನೆಲ್ಲ ಉಸ್ತಾದರಿಗೆ ಹೇಳಬೇಕೆಂದು ಬಂದರೆ ಅವರು, ನಮ್ಮ ಕುತುಬ ಭಾಳ ಶಾಣ್ಯಾ ನೋಡ್ರಿ, ಅವನಿಂದ ಈ ಕೆಲಸ ಆತು ಅನ್ನುತ್ತಾರೆ, ನಮ್ಮ ಕುತುಬ, ನನಗೆ ಎಂದಾದರೂ ನಮ್ಮ ಗುಡುಸಾಬ ಎಂದರೇ, ಅವನು ಬೀಗುತ್ತಾನೆ, ಹರಳು ಮಿಣುಕುತ್ತದೆ, ಈಗ ಕೂತವರಿಗೆಲ್ಲ ಹೇಳುತ್ತಿದ್ದಾನೆ, ಉಳಿದಿದ್ದು ಉಸ್ತಾದ್ರದೊಂದs ಇತ್ತು, ಮನ್ಯಾಗಿನವರದು ಅಂತ ಹಂಗs ಬಿಡಾಕ ಬರೂದಿಲ್ಲಲ್ಲ, ಮುಂಜಾನೆ ಬಂದು ಅದನ್ನೂ ಕೇಳೇನಿ, ನೀರ ತುಂಬಿದ ಹೊಳಿ ಎದುರಿಗೆ — ಉಸ್ತಾದರು ಗಡ್ಡ ಸವರಿಕೊಂಡು, ಹೌದಪಾ, ನನ್ನ ಕೈಲೇನ ಸಕ್ಕರಿ ಹಾಕೇನಿ.

ನೀರ ತುಂಬಿದ ಹೊಳಿ ಎದುರಿಗೆ, ಒಣಗಿತ ನಾಲಿಗಿ ಕೂಸಿಗೆ — ನನ್ನದು, ಅದು ನನ್ನದು, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ನೋಡುತ್ತಿದ್ದಾಗ, ಕರ್ಬಲಾದಲ್ಲಿ ನೀರು ಸಿಗದೆ ಸತ್ತ ಆ ಹಸುಗೂಸು ನೆನಪಾಗಿ, ನೀರಿನಲ್ಲಿ ಕೈಯಿದ್ದಂತೆಯೇ ಬಂದ ಸಾಲು, ಗಿರಾಕಿ ಬೈಯುತ್ತಿದ್ದ, ಲೇ ತೂತು ಸಿಕ್ಕಿತೇನಲೇ, ನಾನು ಹಾಡು ಕಟ್ಟುತ್ತಿದ್ದೆ, ಕೊನೆಗೆ ತಿಕೋಟಿ ಕಾಸಿಮ ಹಾಡ್ಯಾನೊ ಎಂದು ಹೆಸರಿಟ್ಟವನೂ ನಾನೇ, ಶಿಷ್ಯನ ಹಾಡಿಗೆ ಉಸ್ತಾದನ ಹೆಸರು, ಎಲ್ಲರೂ ಹಾಗೇ ಇಡುತ್ತಾರೆ, ಖುಷಿಯಿಂದಲೇ ಇಟ್ಟೆ, ಕೇಳಿ ಕಣ್ಣು ಮುಚ್ಚಿ ಛಲೋ ಐತಿ ಎಂದಿದ್ದರು, ಆ ಕಣ್ಣಿಗೆ ಈಗ ನೆನಪಿಲ್ಲವೇ, ಎಷ್ಟು ಶಿಷ್ಯರ ಎಷ್ಟು ಹಾಡು ಆ ಒಂದು ಹೆಸರಿನೊಳಗೆ ಸೇರಿಹೋಗಿವೆಯೋ, ಅವರದೇ ಅಂದುಕೊಂಡಿದ್ದಾರೆ, ಇಲ್ಲ ಗೊತ್ತಿದೆ, ಗೊತ್ತಿದ್ದರೆ ನನ್ನತ್ತ ಒಮ್ಮೆ ನೋಡುತ್ತಿದ್ದರು. ಯಾರ ಯಾರದೋ ಹೊಸ್ತಿಲಲ್ಲಿ ಕೂತು ಸತ್ತವರ ಹಾಡಿಗೂ ನಾನು ಹೂಂ ಅನ್ನಿಸಿಕೊಂಡು ಬಂದೆ, ಬದುಕಿರುವ ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲವೇ, ಈ ಕುತುಬ್ಯಾನೇ ಪಂಕ್ಚರ್ ಅಂಗಡಿಯ ಮುಂದೆ ಬಂದು ಗುಡುಸಾಬ, ನಿನ್ನ ಹಾಡು ಕೊಡೋ ಎಂದಿದ್ದರೆ ಗ್ರೀಸ್ ಕೈ ಒರೆಸಿಕೊಂಡು ಕಿರಾಣಿ ಅಂಗಡಿಗೆ ಓಡುತ್ತಿದ್ದೆ, ಅವನ ಆ ಬಾಯಿಗೇ ಮುಷ್ಟಿ ತುಂಬ ಹಾಕುತ್ತಿದ್ದೆ, ಇವತ್ತೇ ಹೇಳಬೇಕು, ಎಲ್ಲರೂ ಕೂತಿದ್ದಾರೆ, ಒಂದೇ ಮಾತು, ಉಸ್ತಾದರು ಕರೆಯುತ್ತಿದ್ದಾರೆ, ಬಾರಲೇ ಗುಡ್ಯಾ, ಈ ಸಲ ನಮ್ಮ ಹಾಡು ನೀನs ಹಾಡು, ನಿನ್ನ ದನಿಗೆ ಛಲೋ ಹೊಂದತೈತಿ, ಎದ್ದೆ, ಹತ್ತಿರ ಹೋದೆ, ಉಸ್ತಾದ್ರ, ಅದು — ಎಂದು ಬಾಯಿ ತೆರೆದೆ, ತೆರೆದ ಬಾಯಿಗೆ ಸಕ್ಕರೆ ಬಿತ್ತು. ಹಿಡಿ, ಒಪ್ಪಿಗಿ ಕೊಟ್ಟೇನಿ. ವಾಹ್ ಎಂದರು ಎಲ್ಲರೂ. ಒಣಗಿದ ನಾಲಗೆ, ಉಗುಳಿಲ್ಲ, ಕರಗುತ್ತಿಲ್ಲ, ಮರಳು ತುಂಬಿದಂತೆ, ಉಗಿಯಲಾರೆ, ನುಂಗಲಾರೆ, ಕುತುಬುದ್ದೀನ ನಗುತ್ತಾ ಅಂಗೈಯಿಂದ ಮೀಸೆ ಒರೆಸಿಕೊಂಡ, ಬಲಗಡೆ, ಅದು ಎಡಗಡೆ ಇದೆ, ಮತ್ತೆ ಒರೆಸಿದ, ಬಲಗಡೆಯೇ, ಎಡಗಡೆ ಅದು, ಇನ್ನೂ ಇದೆ, ಎಡಮೀಸೆಯ ತುದಿಯಲ್ಲಿ, ಆ ಹರಳು —