ಮೂಗು ಸತ್ತವನು

"ರಕ್ತ ಎಲ್ಲೇ, ರಕ್ತ? ತಲೆಗೆ ಪೆಟ್ಟು ಬಿತ್ತು ಅಂತೀಯಲ್ಲ, ಒಂದು ತೊಟ್ಟು ರಕ್ತ ಬಿದ್ದಿದ್ನ ಯಾವ ಬೋಳಿಮಗ ನೋಡವ್ನೆ, ಕರಿ!"

ಲೇಬರ್ ಆಫೀಸಿನ ಸಾಹೇಬರ ಎದುರಿಗೇ ನಂಜುಂಡಪ್ಪ ಹೀಗೆ ಕೂಗುವಾಗ ಹನುಮಕ್ಕ ಸೆರಗಿನ ತುದಿಯಿಂದ ಗಂಡ ಕೆಂಚಪ್ಪನ ಬಾಯಿಯ ಜೊಲ್ಲು ಒರೆಸುತ್ತಿದ್ದಳು. ಅವನು ಗೋಡೆಯ ಕಡೆ ನೋಡಿ ನಗುತ್ತಿದ್ದ. ನಗುವಂಥದ್ದು ಅಲ್ಲೇನೂ ಇರಲಿಲ್ಲ.

ಅತ್ತಿಗುಪ್ಪೆಯ ಗದ್ದೆ ಮಾರಿ ನಂಜುಂಡಪ್ಪ ರಾಜಾಜಿನಗರದಲ್ಲಿ ಊದುಬತ್ತಿ ಕಾರ್ಖಾನೆ ಕಟ್ಟಿದ್ದ. ಕೆಂಚಪ್ಪ ಅಲ್ಲಿ ಲೋಡು ಇಳಿಸುವ ಹಮಾಲಿ. ಎಂಬತ್ತಮೂರರ ಶ್ರಾವಣದಲ್ಲಿ ಲಾರಿಯಿಂದ ಸೆಂಟಿನ ಡ್ರಮ್ಮು ಜಾರಿ, ಕೆಳಗೆ ಬಗ್ಗಿದ್ದವನ ತಲೆಗೆ ಬಡಿಯಿತು. ಬಿದ್ದವನು ಎದ್ದ, ಒಂದು ಚೊಂಬು ನೀರು ಕುಡಿದ, ಉಳಿದ ಲೋಡನ್ನೂ ಇಳಿಸಿಯೇ ಮನೆಗೆ ಬಂದ. ಹಿಡಿದ ಕೆಲಸವನ್ನು ನಡುವೆ ಬಿಟ್ಟರೆ ಗಂಡಸೇ ಅಲ್ಲ ಎನ್ನುವ ಕುಲ. ಆ ಗಂಡಸುತನವೇ ಈಗ ಅವನ ವಿರುದ್ಧ ಸಾಕ್ಷಿಗೆ ನಿಂತಿತ್ತು.

ಮೊದಲು ಸತ್ತದ್ದು ಅವನ ಮೂಗು. ಒಲೆಯ ಮೇಲೆ ಅನ್ನ ಸೀದು ಕರಕಲಾಗುತ್ತಿದ್ದರೆ ಅದರ ಪಕ್ಕದಲ್ಲೇ ಕೂತು "ಅನ್ನ ಆಯ್ತೇನಮ್ಮಿ?" ಎಂದು ಕೇಳಿದ. ಆಮೇಲೆ ಮಕ್ಕಳ ಹೆಸರು ಮರೆತುಹೋದವು. ಆಮೇಲೆ ಸಿಟ್ಟು ಬಂತು. ಇರುವೆಯನ್ನೂ ದಾಟಿಕೊಂಡು ನಡೆಯುತ್ತಿದ್ದವನು ಹೆಂಡತಿಯ ಮೇಲೆ ಕೈ ಎತ್ತಿದ. ಕೊನೆಗೆ ಮೂರ್ಛೆ. ಮೂಡಲಪಾಳ್ಯದ ವಠಾರದವರು ಗಾಳಿ ಮೆಟ್ಟಿದೆ ಎಂದರು. ಅವಳೂ ನಂಬಿದಳು. ಮಾರಮ್ಮನ ಗುಡಿಯಲ್ಲಿ ಬೇವಿನ ಸೊಪ್ಪಿನಿಂದ ಹೊಡೆಸಿದಳು. ಅಮ್ಮ ಮಾತಾಡಲಿಲ್ಲ. ಮಾತಾಡದಿರುವುದೂ ಅವಳ ಅಪ್ಪಣೆಯೇ ಎಂದುಕೊಂಡು ಹನುಮಕ್ಕ ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅವನ ಮೂಗಿಗೆ ಕಾಫಿಪುಡಿ ಹಿಡಿದರು, ಸೋಪು ಹಿಡಿದರು. "ಬುರುಡೆ ಒಡೆದಿಲ್ಲಮ್ಮ, ಒಳಗೆ ಮೆದುಳು ಜಜ್ಜಿದೆ. ಪರಿಹಾರಕ್ಕೆ ಕೇಸು ಹಾಕು," ಎಂದರು.

"ಗಾಳಿ ಬಿಡಿಸೋಕೆ ಗುಡೀಗೆ ಕರ್ಕೊಂಡೋದೋಳು ಇವ್ಳೇ ಸಾರ್," ನಂಜುಂಡಪ್ಪ ಈಗ ಸಾಹೇಬರ ಕಡೆ ತಿರುಗಿದ. "ದೆವ್ವ ಮೆಟ್ಟಿದ್ರೂ ನಾನೇ ಪರಿಹಾರ ಕೊಡ್ಬೇಕಾ? ನಾಳೆ ಇವ್ಳು ಬಸ್ರಾದ್ರೆ ಅದ್ಕೂ ನಾನೇನಾ?"

ಗುಮಾಸ್ತರು ಕಿಸಕ್ಕೆಂದರು.

"ನೋಡಮ್ಮ," ಸಾಹೇಬರು ಕನ್ನಡಕ ಒರೆಸಿಕೊಂಡರು. "ಕೈ ಹೋದ್ರೆ ಇಷ್ಟು, ಕಣ್ಣು ಹೋದ್ರೆ ಇಷ್ಟು ಅಂತ ಕಾನೂನಲ್ಲಿ ಬರ್ದಿದೆ. ಬುದ್ಧಿ ಹೋದ್ರೆ ಎಷ್ಟು ಅಂತ ನಾನೆಲ್ಲಿ ಹುಡುಕ್ಲಿ? ಮೂಗು ಹೋಯ್ತು ಅಂತೀಯ. ಅಲ್ಲೇ ಇದೆಯಲ್ಲ, ಕಾಣ್ತಿದೆ."

"ಐತೆ ಸ್ವಾಮಿ. ಗೋಡೆ ಮ್ಯಾಲೆ ಬಾಗ್ಲು ಬರ್ದಂಗೈತೆ. ಒಳೀಕೆ ಏನೂ ಹೋಗಕಿಲ್ಲ."

ಸಾಹೇಬರ ಮೇಜಿನ ಮೂಲೆಯಲ್ಲಿ ಗಣಪತಿಯ ಪಟ, ಅದರ ಮುಂದೆ ಉರಿಯುವ ಊದುಬತ್ತಿ. ಅದು ನಂಜುಂಡಪ್ಪನ ಕಾರ್ಖಾನೆಯದೇ. ಹನುಮಕ್ಕ ಬಾಗಿಲಲ್ಲೇ ವಾಸನೆ ಹಿಡಿದಿದ್ದಳು.

ಅಷ್ಟರಲ್ಲಿ ಕೆಂಚಪ್ಪನ ಕಣ್ಣುಗುಡ್ಡೆ ಮೇಲಕ್ಕೆ ಸರಿದವು. ಬೆಂಚಿನಿಂದ ಧಡ್ಡನೆ ಬಿದ್ದ. ಸೆಟೆದ ಕೈಕಾಲು ನೆಲವನ್ನು ಬಡಿಯತೊಡಗಿದವು. ಹನುಮಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿ ತಲೆಯನ್ನು ತೊಡೆಗೆ ಆನಿಸಿಕೊಂಡಳು.

"ನಾಟ್ಕ ನೋಡಿ ಸಾರ್, ನಾಟ್ಕ! ಕುಡ್ದವ್ನೆ ಬೇವರ್ಸಿ." ನಂಜುಂಡಪ್ಪ ಕಾಲಿನಿಂದ ಒಂದು ಚಪ್ಪಲಿ ಕಳಚಿ ಬೀಸಿದ. ಅದು ಕೆಂಚಪ್ಪನ ಕೆನ್ನೆಗೆ ಬಡಿದು ಬಿತ್ತು. "ಮೂಸ್ಸೇ ಅದ್ನ! ಎದ್ದು ಕೂತ್ಕೊಳ್ಲಿಲ್ಲ ಅಂದ್ರೆ ಕೇಳು."

ಮೂರ್ಛೆ ಬಿದ್ದವರಿಗೆ ಚಪ್ಪಲಿ ಮೂಸಿಸುವುದು ಊರೂರಿನ ವಾಡಿಕೆ. ವಠಾರದಲ್ಲಿ ಅವಳೂ ಮೂಸಿಸಿದ್ದಳು, ತನ್ನದೇ ಹರಕು ಚಪ್ಪಲಿಯನ್ನು. ಈಗ ಮುಟ್ಟಲಿಲ್ಲ. ಸೆಳೆತ ಇಳಿಯುವವರೆಗೂ ಗಂಡನ ತಲೆಯನ್ನು ಹಿಡಿದುಕೊಂಡೇ ಕೂತಳು. ಅವನ ಪಂಚೆ ಒದ್ದೆಯಾಗಿತ್ತು. ಅದರ ಮೇಲೆ ಟವೆಲು ಹೊದಿಸಿ ಎದ್ದಳು.

ಮೊದಲು ಮೇಜಿನ ಮೇಲಿನ ಗಣಪತಿಯ ಪಟವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಕಿಟಕಿಯ ಗೂಡಿನಲ್ಲಿಟ್ಟಳು. ಆಮೇಲೆ ಬಗ್ಗಿ ಚಪ್ಪಲಿ ತೆಗೆದುಕೊಂಡಳು. ಪಟವಿದ್ದ ಜಾಗದಲ್ಲಿ, ಊದುಬತ್ತಿಯ ಎದುರಿಗೆ, ಅದನ್ನಿಟ್ಟಳು.

"ಏಯ್, ಏನೇ ಇದು!" ಸಾಹೇಬರು ಕುರ್ಚಿ ಹಿಂದೆ ಸರಿಸಿದರು.

"ಅವ್ನ ಮೂಗು ಸತ್ತೈತೆ ಸ್ವಾಮಿ. ನಿಮ್ದು ಬದ್ಕೈತಲ್ಲ. ನೀವು ಮೂಸಿ."

ಈ ಸಲ ಗುಮಾಸ್ತರು ನಗಲಿಲ್ಲ. ನಂಜುಂಡಪ್ಪ ಒಂಟಿ ಚಪ್ಪಲಿಯಲ್ಲಿ ನಿಂತಿದ್ದ. ಊದುಬತ್ತಿಯ ಹೊಗೆ ಮೇಜಿನ ಮೇಲಿದ್ದ ಇನ್ನೊಂದು ಚಪ್ಪಲಿಯನ್ನು ಸುತ್ತಿಕೊಂಡು ಸಾಹೇಬರ ಮುಖಕ್ಕೆ ಏರುತ್ತಿತ್ತು.

ನೆಲದ ಮೇಲೆ ಕೆಂಚಪ್ಪ ಕಣ್ಣು ಬಿಟ್ಟ.

"ಅನ್ನ ಆಯ್ತೇನಮ್ಮಿ?"