ಕುಳ್ಳ ಓಕ್‌ನ ಗುರುತು

ಜ್ಞಾನಸ್ನಾನವಾಗುವ ಮೊದಲೇ ಕಣ್ಣು ಮುಚ್ಚಿದ ಮಗುವಿಗೆ ಊರ ಸ್ಮಶಾನದಲ್ಲಿ ಜಾಗವಿಲ್ಲ ಎಂದರು ಪಾದ್ರಿ. ಮೂರು ದಿನದ ಕೂಸು ಯಾರಿಗೆ ಏನು ಪಾಪ ಮಾಡಿತ್ತೋ ದೇವರೇ ಬಲ್ಲ. ಅಪ್ಪ ಕ್ರೆಸೆನ್ಸಿಯೊ ಅದನ್ನು ಆಡು ಮೇಯುವ ಗುಡ್ಡಕ್ಕೆ ಎತ್ತಿಕೊಂಡು ಹೋಗಿ, ಒಂದು ಕುಳ್ಳ ಓಕ್ ಪೊದೆಯ ಪಕ್ಕ ಮಣ್ಣು ಮಾಡಿ ಬಂದ. ಬಾಣಂತನ ಮುಗಿಸಿ ಎದ್ದ ನಿಕಾಸಿಯಾಗೆ ಆ ಪೊದೆಯೇ ಗುರುತು.

ಅಲ್ಲಿಂದ ಮೂವತ್ತೊಂದು ವರ್ಷ, ಸತ್ತ ಕೂಸುಗಳು ಮನೆಗೆ ಬರುತ್ತವೆಂದು ಊರವರು ನಂಬುವ ಅಕ್ಟೋಬರ್ ಮೂವತ್ತರಂದು, ಅವಳು ಮೊಣಕಾಲೆತ್ತರದ ಆ ಪೊದೆಯ ಬುಡಕ್ಕೆ ಚೆಂಡು ಹೂವು, ಒಂದು ಲೋಟ ಹಾಲು ಇಟ್ಟು ಬರುತ್ತಿದ್ದಳು. ಗಂಡ ಒಮ್ಮೆಯೂ ಜೊತೆಗೆ ಬಂದವನಲ್ಲ. ಅವನದು ಕಲ್ಲು ಹೃದಯವೆಂದು ಅವಳು ಎಂದೋ ತೀರ್ಮಾನಿಸಿದ್ದಳು.

ಈ ಸಲ ಗುಡ್ಡದಲ್ಲಿ ಇದ್ದಿಲು ಸುಡುವ ತಾಚೊ ಬೇರು ಅಗೆಯುತ್ತಿದ್ದ. ಈ ಕುಳ್ಳನನ್ನು ನಂಬಬೇಡ ಅತ್ತೆ, ಎಂದು ಪೊದೆ ತೋರಿಸಿ ನಕ್ಕ. ಮೇಲೆ ಕಾಣುವುದು ಅಂಗೈಗೂ ಸಾಲದ ಒರಟು ಎಲೆ, ಗುಂಡಿಯಷ್ಟು ಕಾಯಿ; ನೆಲದೊಳಗೆ ಮಾತ್ರ ಬೇರು ಮಾರುಗಟ್ಟಲೆ ಓಡುತ್ತದೆ. ಹಳೆ ಕಾಂಡ ಇಲ್ಲಿ ಒಣಗಿದರೆ ಹೊಸ ಚಿಗುರು ಅಲ್ಲಿ ಏಳುತ್ತದೆ, ಹೀಗೇ ಪೊದೆ ವರ್ಷವರ್ಷ ಗುಡ್ಡ ಹತ್ತುತ್ತದೆ ಎಂದ. ಹೂವು, ಹಾಲಿದ್ದ ಬುಟ್ಟಿ ಇಳಿಸಹೋದ ನಿಕಾಸಿಯಾ ಅದನ್ನು ಮತ್ತೆ ಎತ್ತಿಕೊಂಡಳು. ಹಾಗಾದರೆ ತಾನು ಇಷ್ಟು ವರ್ಷ ಹಾಲಿಟ್ಟದ್ದು ಯಾವ ಬರಿ ಮಣ್ಣಿಗೆ?

ಬುಟ್ಟಿ ಹೊತ್ತೇ ಮನೆಗೆ ಬಂದು, ಜೋಳದ ರೊಟ್ಟಿ ಮುರಿಯುತ್ತಿದ್ದ ಗಂಡನ ಮುಂದೆ ನಿಂತಳು.

"ಮಗು ಎಲ್ಲಿದೆ ಹೇಳು. ಪೊದೆ ಸರ್ಕೊಂಡು ಹೋಗಿದ್ಯಂತೆ."

ಅವನು ರೊಟ್ಟಿ ಬಿಟ್ಟು ಎದ್ದ. ಅವಳನ್ನು ಕರೆದುಕೊಂಡು ಗುಡ್ಡ ಹತ್ತಿ, ಸೀಳುಬಂಡೆಗೆ ಬೆನ್ನು ಕೊಟ್ಟು ಹದಿನೇಳು ಹೆಜ್ಜೆ ಇಟ್ಟು, ಬರೀ ಹುಲ್ಲಿದ್ದ ಕಡೆ ಮಂಡಿಯೂರಿದ. ಪೊದೆ ಅಲ್ಲಿಂದ ಎರಡು ಮಾರು ಮೇಲಿತ್ತು.

"ಇಲ್ಲೇ ಕಣೇ."

ಗೊತ್ತಿದ್ದೂ ನನ್ನನ್ನು ಹುಚ್ಚಿಯ ಹಾಗೆ ಪೊದೆಗೆ ಹೂವಿಡಲು ಬಿಟ್ಟೆಯಲ್ಲ ಎಂದು ಅವಳು ಸಿಡುಕಿದಳು. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

"ಹೇಳಿದ್ರೆ ನೀನು ನೊಂದ್ಕೋತಿದ್ದೆ," ಎಂದ ಅವನು, ನೆಲ ನೋಡುತ್ತಾ. "ನೀನು ಇಳಿದು ಹೋದ್ಮೇಲೆ ನಾನು ಬರ್ತಿದ್ದೆ. ಹೂವು, ಹಾಲು ಎಲ್ಲಾ ಎತ್ತಿ ಇಲ್ಲಿಗೆ ತಂದಿಡ್ತಿದ್ದೆ. ಒಂದು ವರ್ಷಾನೂ ತಪ್ಪಿಲ್ಲ."

ನಿಕಾಸಿಯಾ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ಮೂವತ್ತೊಂದು ವರ್ಷ ಈ ಮನುಷ್ಯನ ಮೇಲೆ ಹೊತ್ತಿದ್ದ ಮುನಿಸು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನ ಪಕ್ಕ ಕುಳಿತು ಬುಟ್ಟಿಯನ್ನು ಅವನತ್ತ ತಳ್ಳಿದಳು.

"ನೀನೇ ಇಡು," ಎಂದಳು. "ನಾನು ನೋಡ್ತೀನಿ."