ನಾರ್ಬ್ ಆರಿಸಿದ ಬಿಯರ್

ನನ್ನ ಗಂಡ ವಿಲ್ಮರ್‌ಗೂ ನನ್ನ ಅಣ್ಣ ನಾರ್ಬ್‌ಗೂ ವರ್ಷಕ್ಕೆ ಒಂದೇ ಒಂದು ಹಬ್ಬ. ಮಿಷಿಗನ್ ಸರೋವರದ ಕಡೆಯಿಂದ ತಣ್ಣನೆ ಗಾಳಿ ಬೀಸಲು ಶುರುವಾದ ಮೇಲೆ ಇಬ್ಬರೂ ಟ್ರೂಡಿಯ ಅಂಗಡಿಗೆ ಹೋಗಿ ಮನೆಯಲ್ಲೇ ಬಿಯರ್ ಮಾಡುವ ಕಿಟ್ ಆರಿಸುತ್ತಿದ್ದರು. ಮನೆ ಕೊಳ್ಳುವವರೂ ಅಷ್ಟು ಹೊತ್ತು ಯೋಚಿಸುವುದಿಲ್ಲ. ನಮ್ಮ ಶೆಬಾಯ್ಗನ್ ಊರಿನಲ್ಲಿ ಹೆಜ್ಜೆಗೊಂದು ಬಾರ್ ಇದೆ, ಒಳ್ಳೆಯ ಬಿಯರೇ ಸಿಗುತ್ತದೆ. ಆದರೆ ನಮ್ಮ ನೆಲಮಾಳಿಗೆಯಲ್ಲಿ ತಾವು ಮಾಡಿದ್ದು ಮಾತ್ರ ಬಿಯರು, ಉಳಿದದ್ದೆಲ್ಲ ಬಣ್ಣದ ನೀರು ಎಂಬುದು ಇವರಿಬ್ಬರ ಮತ.

ಈ ಹಬ್ಬಕ್ಕೆ ಒಂದು ಕಟ್ಟಳೆಯೂ ಇತ್ತು. ಒಂದು ವರ್ಷ ವಿಲ್ಮರ್ ಆರಿಸಬೇಕು, ಮರುವರ್ಷ ನಾರ್ಬ್. ಸರದಿ ಯಾರದ್ದೋ ಅವನದೇ ಕೊನೆಯ ಮಾತು. ಇನ್ನೊಬ್ಬ ಗೇಲಿ ಮಾಡಬಹುದು, ಮುಖ ಸಿಂಡರಿಸಬಹುದು, ಬೇಡ ಅನ್ನುವಂತಿಲ್ಲ. ಒಂದು ಸಲ ನಾರ್ಬ್ ಹಟ ಹಿಡಿದು ಕುಂಬಳಕಾಯಿ ಬಿಯರಿನ ಕಿಟ್ ತಂದಿದ್ದ. ವಿಲ್ಮರ್ ಆ ಚಳಿಗಾಲವೆಲ್ಲ ಕಷಾಯ ಕುಡಿಯುವವನ ಹಾಗೆ ಅದನ್ನು ಕುಡಿದ. ಒಂದು ಮಾತು ಆಡಲಿಲ್ಲ.

ಆ ವರ್ಷ ಸರದಿ ನಾರ್ಬ್‌ನದು. ಬೇಸಿಗೆಯಲ್ಲೇ ಅವನ ಹೊಟ್ಟೆಯೊಳಗೆ ಕ್ಯಾನ್ಸರ್ ಪತ್ತೆಯಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದವನನ್ನು ನಾನು ನಮ್ಮ ಮನೆಗೆ ಕರೆತಂದು, ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿಸಿದ್ದೆ. ಕ್ರಿಸ್ಮಸ್ ನೋಡಿದರೆ ಅದೃಷ್ಟ ಎಂದು ಡಾಕ್ಟರು ಮೂವರನ್ನೂ ಕೂರಿಸಿಕೊಂಡೇ ಹೇಳಿದ್ದರು. ಕಾರಿನಲ್ಲಿ ಮನೆಗೆ ಬರುವಾಗ ಇಬ್ಬರು ಗಂಡಸರೂ ಫುಟ್‌ಬಾಲ್ ತಂಡದ ಹೊಸ ಆಟಗಾರನ ಬಗ್ಗೆ ಮಾತಾಡಿದರು. ನಮ್ಮೂರಿನವರೇ ಹಾಗೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಹವಾಮಾನದ ಮಾತು. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ, ಇವತ್ತಿಗೂ.

ಅಕ್ಟೋಬರಿನಲ್ಲಿ ಅಂಗಡಿಗೆ ಹೊರಟಾಗ ನಾರ್ಬ್‌ಗೆ ಊರುಗೋಲು ಬೇಕಾಗಿತ್ತು. ಬಿದ್ದಾನು ಎಂದು ನಾನೂ ಜೊತೆಗೆ ಹೋದೆ. ಟ್ರೂಡಿ ಎದ್ದು ಬಂದು ಅವನಿಗೊಂದು ಸ್ಟೂಲ್ ಎಳೆದು ಹಾಕಿದಳು.

"ಏನಪ್ಪ ನಾರ್ಬ್, ಈ ಸಲ ಯಾವ ತರಕಾರಿ?"

"ಎಲೆಕೋಸಿಂದು ಇದ್ರೆ ಕೊಡಮ್ಮ. ನಿನ್ನ ಅಂಗಡೀಲಿ ಕೊಳೀತಾ ಇರೋದನ್ನ ಯಾರಾದ್ರೂ ಖಾಲಿ ಮಾಡ್ಬೇಕಲ್ಲ."

ಅಂಗಡಿಯ ತುಂಬ ಹುರಿದ ಧಾನ್ಯದ ವಾಸನೆ. ಗೋಡೆಯುದ್ದಕ್ಕೂ ಕಿಟ್ಟುಗಳು. ಒಂದೊಂದು ಪೆಟ್ಟಿಗೆಯಲ್ಲಿ ಮಾಲ್ಟ್ ಪಾಕದ ದೊಡ್ಡ ಡಬ್ಬಿ, ಕಹಿಗೆ ಹಾಪ್ಸ್ ಹೂವಿನ ಪೊಟ್ಟಣ, ಹುದುಗಲು ಯೀಸ್ಟ್. ಎಷ್ಟು ದಿನಕ್ಕೆ ಕುಡಿಯಬಹುದು ಎನ್ನುವುದನ್ನು ಪೆಟ್ಟಿಗೆಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ನಾರ್ಬ್ ಸ್ಟೂಲಿನ ಮೇಲೆ ಕೂರಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಪೆಟ್ಟಿಗೆ ತಿರುಗಿಸಿ ಪಕ್ಕವನ್ನು ಓದುತ್ತ ಹೋದ. ಮುಂಭಾಗದ ಚಿತ್ರವನ್ನು ಒಂದು ಸಲವೂ ನೋಡಲಿಲ್ಲ. ಕೊನೆಗೆ ಗೋಧಿ ಬಿಯರಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡ. ಅದು ತಿಂಗಳೊಪ್ಪತ್ತಿಗೆ ಆಗುವ ಬಿಯರು.

"ಇದು" ಅಂದ.

ವಿಲ್ಮರ್ ನಕ್ಕ. "ಅದಾ? ಕಿತ್ತಳೆ ಹೋಳು ಸಿಕ್ಕಿಸ್ಕೊಂಡು ಹುಡುಗೀರು ಕುಡಿಯೋದು. ನಲವತ್ತು ವರ್ಷ ಮಾಡಿ ಕೊನೆಗೆ ಇದಕ್ಕೆ ಬಂದ್ಯಾ?"

"ನಂಗೂ ಹುಡುಗಿ ಆಗೋ ಆಸೆ ಬಂದಿದೆ ಅನ್ಕೋ."

"ಬೋಕ್ ಬಿಯರ್ ತಗೋಳೋ. ನಿಮ್ಮಪ್ಪ ಮಾಡ್ತಿದ್ದನಲ್ಲ, ಕಪ್ಪಗೆ, ದಟ್ಟಗೆ. ಚಳೀಲಿ ನಿಧಾನಕ್ಕೆ ಹಣ್ಣಾಗ್ಲಿ. ಈಸ್ಟರ್‌ಗೆ ಒಡೆಯೋಣ."

ಆ ಮಾತು ಬಿದ್ದ ಮೇಲೆ ಟ್ರೂಡಿ ಗಲ್ಲಾದ ಹಿಂದೆ ಹೋಗಿ ಏನನ್ನೋ ಹುಡುಕತೊಡಗಿದಳು. ಚಳಿಗಾಲ ಕಳೆದು ಬರುವ ಈಸ್ಟರ್ ಎಲ್ಲಿ, ಡಾಕ್ಟರು ಹೇಳಿದ ಕ್ರಿಸ್ಮಸ್ ಎಲ್ಲಿ?

"ಸರದಿ ನಂದು ಕಣೋ" ಅಂದ ನಾರ್ಬ್, ಮೆಲ್ಲಗೆ.

"ನಿಂದೇ. ಯಾರು ಇಲ್ಲ ಅಂದ್ರು? ಆದ್ರೆ ಅವಸರದ ಬಿಯರ್ ನಮಗ್ಯಾಕೆ? ತಾಳಿದವನು ಬಾಳಿಯಾನು."

"ಬಾಳೋನಿಗೆ ಹೇಳು ಅದನ್ನ."

ಅಷ್ಟು ಸಾಕಿತ್ತು. ಕಲ್ಲಿಗಾದರೂ ತಿಳಿಯುತ್ತಿತ್ತು. ವಿಲ್ಮರ್‌ನ ಕಿವಿ ಕೆಂಪಗಾಯಿತು. ಅವನು ಗೋಧಿ ಬಿಯರಿನ ಪೆಟ್ಟಿಗೆಯನ್ನು ನನ್ನ ಅಣ್ಣನ ಎದೆಯಿಂದ ತೆಗೆದುಕೊಂಡ. ಕಿತ್ತುಕೊಂಡ ಅನ್ನಲಾರೆ, ಮಗುವಿನ ಕೈಯಿಂದ ಕತ್ತರಿ ತೆಗೆಯುವ ಹಾಗೆ ಮೆತ್ತಗೆ ಬಿಡಿಸಿಕೊಂಡು ಅದರ ಜಾಗದಲ್ಲೇ ಇಟ್ಟ. ಬೋಕ್ ಬಿಯರಿನ ಪೆಟ್ಟಿಗೆ ಎತ್ತಿ ಗಲ್ಲಾದ ಮೇಲೆ ಕುಕ್ಕಿದ. ನಾರ್ಬ್ ಖಾಲಿಯಾದ ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಸ್ಟೂಲಿನ ಮೇಲೆ ಕೂತ.

"ಆಯ್ತು ಬಿಡು. ಅಪ್ಪನ ಬೋಕ್ ಚೆನ್ನಾಗೇ ಇರ್ತಿತ್ತು" ಅಂದ.

ಅಣ್ಣನನ್ನು ಕಾರಿನಲ್ಲಿ ಕೂರಿಸಿದ ಮೇಲೆ ಡಿಕ್ಕಿಯ ಹತ್ತಿರ ನಾನು ಗಂಡನನ್ನು ಹಿಡಿದುಕೊಂಡೆ. "ನಿಂಗೇನು ತಲೆ ಕೆಟ್ಟಿದ್ಯಾ? ಅವನು ಬೇಕು ಅಂದಿದ್ದನ್ನ ಕೊಡಿಸೋಕೆ ಏನು ಕಷ್ಟ?"

"ಆರ್ಡಿಸ್, ತಿಂಗಳಲ್ಲಿ ಆಗೋ ಬಿಯರ್‌ಗೆ ನಾನು ಹೂಂ ಅಂದ್ರೆ ಏನರ್ಥ? ನಿಂಗೆ ಇಷ್ಟೇ ಟೈಮ್ ಇರೋದು ಅಂತ ಅವನ ಮುಖಕ್ಕೇ ಹೇಳಿದ ಹಾಗಲ್ವಾ?"

"ಅವನಿಗೆ ಗೊತ್ತು."

"ಗೊತ್ತಿರೋದು ಬೇರೆ, ನಾನು ಹೇಳೋದು ಬೇರೆ."

ಅವನ ಕಣ್ಣು ತುಂಬಿತ್ತು. ನಾನು ಅಲ್ಲಿಗೆ ಬಿಟ್ಟೆ.

ಆ ವಾರವೇ ಬೋಕ್ ಬಕೆಟ್ಟಿಗೆ ಬಿತ್ತು. ವಿಲ್ಮರ್ ಚೀಸ್ ಕಾರ್ಖಾನೆಯಲ್ಲಿ, ಚೀಸ್ ಹಣ್ಣಾಗಿಸುವ ಕೋಣೆಯಲ್ಲಿ, ಜೀವಮಾನ ಕಳೆದವನು. ಶುಚಿಗೂ ತಾಳ್ಮೆಗೂ ಅವನನ್ನು ಮೀರಿಸುವವರಿಲ್ಲ. ಬಕೆಟ್ಟು, ಕೊಳವೆ, ಸೌಟು ಎಲ್ಲವನ್ನೂ ಆಪರೇಷನ್ ಮಾಡುವವರ ಹಾಗೆ ತೊಳೆದ. ನಾರ್ಬ್ ಅಷ್ಟರಲ್ಲಿ ಮೆಟ್ಟಿಲು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ನೆಲಮಾಳಿಗೆಯ ಬಾಗಿಲು ತೆರೆದಿಡಿಸಿಕೊಂಡು ಮಂಚದಿಂದಲೇ ಕೂಗಿ ಕೂಗಿ ಕೆಲಸ ಹೇಳಿದ.

"ಪಾಕ ತಳ ಹಿಡಿಸ್ಬೇಡ್ವೋ!"

"ನೀನು ಸುಮ್ನೆ ಮಲಕ್ಕೋ, ಅಡುಗೆಭಟ್ಟ!"

ಆ ಮಧ್ಯಾಹ್ನ ಇಬ್ಬರೂ ಸಂತೋಷವಾಗಿದ್ದರು. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಆಮೇಲೆ ದಿನಾ ಅದೇ ಪ್ರಶ್ನೆ. ಹುದುಗ್ತಾ ಇದ್ಯಾ? ಗುಳ್ಳೆ ಬರ್ತಿದ್ಯಾ? ವಿಲ್ಮರ್ ದಿನಾ ಕೆಳಗಿಳಿದು ನೋಡಿ ಬಂದು ವರದಿ ಒಪ್ಪಿಸುತ್ತಿದ್ದ. ಚಳಿಯಲ್ಲಿ ಹುದುಗುವ ಬಿಯರು ಆಮೆ ನಡಿಗೆಯದು. ನನ್ನ ಅಣ್ಣ ಹಾಗಲ್ಲ, ದಿನದಿಂದ ದಿನಕ್ಕೆ ಕರಗುತ್ತಿದ್ದ. ಮೊದಲು ಮಾಂಸ ಬಿಟ್ಟ, ಆಮೇಲೆ ಬ್ರೆಡ್ಡು, ಆಮೇಲೆ ಸೂಪಿನಲ್ಲೂ ಎರಡೇ ಚಮಚ. ನನಗೆ ಗೊತ್ತಿದ್ದ ಅಡುಗೆಯೆಲ್ಲ ಮಾಡಿ ಅವನ ಮುಂದೆ ಹಿಡಿದೆ. ಯಾವುದೂ ಬೇಡವೆಂದ.

ನವೆಂಬರಿನ ಒಂದು ಬೆಳಿಗ್ಗೆ ವಿಲ್ಮರ್ ಬಿಯರಿನಲ್ಲಿ ಸಿಹಿ ಎಷ್ಟು ಉಳಿದಿದೆ ಎಂದು ಅಳೆಯಲು ಹೊರಟ. ಬಕೆಟ್ಟಿನಿಂದ ಒಂದಿಷ್ಟು ಉದ್ದನೆಯ ಗಾಜಿನ ನಳಿಗೆಗೆ ತೆಗೆದು, ಅದರಲ್ಲಿ ಅಳತೆಯ ಕಡ್ಡಿ ತೇಲಿಸಿ ನೋಡುತ್ತಾರೆ. ಹಾಗೆ ತೆಗೆದದ್ದನ್ನು ಮತ್ತೆ ಬಕೆಟ್ಟಿಗೆ ಸುರಿಯುವಂತಿಲ್ಲ, ಕೆಟ್ಟೀತೆಂಬ ಭಯ. ಆ ಗುಟುಕನ್ನು ಕುಡಿದು ನೋಡುವುದು ಬಿಯರ್ ಮಾಡುವವರ ಹಕ್ಕು. ಅದು ನಾರ್ಬ್‌ಗೂ ಗೊತ್ತಿತ್ತು.

"ವಿಲ್ಮರ್, ಅಳತೆಗೆ ತೆಗೆದಿದ್ದನ್ನ ನಂಗೆ ತಂದ್ಕೊಡೋ."

"ಇನ್ನೂ ಹಸಿ ಇರತ್ತೆ ಮಾರಾಯ."

"ಹಸೀದು ಕುಡಿದ್ರೆ ನನ್ನ ಆರೋಗ್ಯ ಕೆಡತ್ತೆ ಅಂತ ಭಯಾನಾ?"

ನಾನು ಅಡುಗೆಮನೆಯಲ್ಲಿ ನಕ್ಕುಬಿಟ್ಟೆ. ವಿಲ್ಮರ್‌ಗೂ ನಗು ಬಂತು. "ಸರಿ, ತರ್ತೀನಿ" ಎಂದು ಇಳಿದ. ನಾರ್ಬ್ ನನ್ನನ್ನು ಕರೆದು ದಿಂಬು ಎತ್ತರಿಸಲು ಹೇಳಿದ. ಮುಖ ಒರೆಸಿಕೊಂಡ. ವಾರಗಳಿಂದ ಏನೂ ಬೇಡವೆಂದವನು ಬಾಯಾರಿದವನ ಹಾಗೆ ನೆಲಮಾಳಿಗೆಯ ಬಾಗಿಲನ್ನೇ ನೋಡುತ್ತ ಕೂತ.

ಕೆಳಗಿನಿಂದ ಸಿಂಕಿಗೆ ಏನೋ ಸುರಿದ ಸದ್ದು ಬಂತು. ಹಿಂದೆಯೇ ನಲ್ಲಿ ಬಿಟ್ಟ ಸದ್ದು.

ವಿಲ್ಮರ್ ಬರಿಗೈಯಲ್ಲಿ ಮೇಲೆ ಬಂದ. "ಕೊಳೆತ ಮೊಟ್ಟೆ ವಾಸನೆ ಕಣೋ. ಈ ಯೀಸ್ಟೇ ಹಾಗಲ್ವಾ, ಮೊದಮೊದಲು. ಅದನ್ನ ನಿನ್ನ ಬಾಯಿಗೆ ಹಾಕೋಕೆ ನಂಗೆ ಮನಸ್ಸು ಬರ್ಲಿಲ್ಲ. ಮುಂದಿನ ವಾರ ವಾಸನೆ ಹೋಗಿರತ್ತೆ, ಆಗ ಒಂದು ಲೋಟ ತುಂಬ ಕೊಡ್ತೀನಿ. ಬೇಯೋ ತನಕ ಇದ್ದೋನಿಗೆ ಆರೋ ತನಕ ಇರೋಕಾಗಲ್ವಾ?"

ನಾರ್ಬ್‌ಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು.

"ಸರಿ. ಮುಂದಿನ ವಾರ" ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡ.

ನಾನೇ ಇಳಿದು ಹೋಗಿ ಒಂದು ಲೋಟ ತುಂಬಿ ತರಬಹುದಿತ್ತು. ಬಕೆಟ್ಟಿಗೆ ನಲ್ಲಿ ಇದೆ, ತಿರುಗಿಸಲು ವಿದ್ಯೆ ಬೇಕಿಲ್ಲ. ಆದರೆ ಆ ಬಕೆಟ್ಟು ಅವರಿಬ್ಬರದು, ನಡುವೆ ಕೈಹಾಕಬಾರದು ಎಂಬುದು ಎಷ್ಟೋ ವರ್ಷದ ರೂಢಿ. ದಿಂಬು ಇಳಿಸಿ ಅವನನ್ನು ಮಲಗಿಸಿದೆ.

ಮುಂದಿನ ವಾರಕ್ಕೆ ಅವನು ಎಚ್ಚರವಾಗಿರುವುದೇ ಅಪರೂಪವಾಯಿತು. ಕೊಟ್ಟ ನೀರು ಬಾಯಿಯ ಪಕ್ಕದಿಂದ ಇಳಿಯುತ್ತಿತ್ತು. ವಿಲ್ಮರ್ ಆಗ ಓಡಿದ. ಅಳೆಯಲಿಲ್ಲ, ಮೂಸಲಿಲ್ಲ, ದೊಡ್ಡ ಲೋಟ ತುಂಬ ತಂದು ಮಂಚದ ಪಕ್ಕ ನಿಂತು, "ನಾರ್ಬ್, ಏಳೋ, ತಂದಿದೀನಿ ನೋಡು" ಅಂದ. ಎರಡು ಸಲ ಅಂದ. ಭುಜ ಅಲ್ಲಾಡಿಸಿದ. ಅಣ್ಣ ಕಣ್ಣು ತೆರೆಯಲಿಲ್ಲ. ವಿಲ್ಮರ್ ಕುರ್ಚಿ ಎಳೆದುಕೊಂಡು ಆ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕತ್ತಲಾಗುವ ಹೊತ್ತಿಗೆ ನಾನೇ ಅದನ್ನು ಅವನ ಕೈಯಿಂದ ಬಿಡಿಸಬೇಕಾಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ, ನವೆಂಬರಿನಲ್ಲೇ, ನಾರ್ಬ್ ಹೋಗಿಬಿಟ್ಟ.

ಚರ್ಚಿನ ಕೆಳಗಿನ ಹಾಲಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ಪಾದ್ರಿಗಳು ವಿಲ್ಮರ್‌ಗೆ, ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬರ್ಥದಲ್ಲಿ ಏನೋ ಹೇಳಿದರು. ಫಲವಿಲ್ಲ, ನಿಜ. ಫಲ ಸಿಗುತ್ತದೆ ಎಂದು ಯಾರಾದರೂ ಚಿಂತಿಸುತ್ತಾರೆಯೇ? ವಿಲ್ಮರ್ ಅಂದಿನಿಂದ ಬಿಯರಿನ ಮಾತೆತ್ತಲಿಲ್ಲ. ಆದರೆ ಕೆಲಸ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಾಟಲಿಗೆ ತುಂಬಿದ, ಹಳೆಯ ಫ್ರಿಜ್ಜಿನಲ್ಲಿ ಚಳಿಗಾಲವೆಲ್ಲ ಇಟ್ಟ. ಚೆಲ್ಲಿಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಸ್ಟರ್ ದಿನ ಬಿಸಿಲಿತ್ತು. ಗ್ಯಾರೇಜಿನ ಬಾಗಿಲು ಎತ್ತಿ, ಇದ್ದಿಲ ಮೇಲೆ ಸಾಸೇಜ್ ಸುಡಲು ಹಾಕಿದ್ದೆವು. ಬೀದಿಯ ಇಸ್ಪೀಟಿನ ಗೆಳೆಯರೆಲ್ಲ ಬಂದಿದ್ದರು. ವಿಲ್ಮರ್ ಬಾಟಲಿ ತೆರೆದು ಎಲ್ಲರಿಗೂ ಬಗ್ಗಿಸಿದ. ನಾನೂ ಕುಡಿದೆ. ಏನು ಹೇಳಲಿ, ಅಷ್ಟು ಒಳ್ಳೆಯ ಬಿಯರನ್ನು ಅವರು ಯಾವತ್ತೂ ಮಾಡಿರಲಿಲ್ಲ. ನನ್ನ ಅಪ್ಪನದೂ ಅದರ ಮುಂದೆ ಏನೂ ಅಲ್ಲ. ಕೆಟ್ಟುಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಪಕ್ಕದ ಮನೆಯ ಎಲ್ರಾಯ್ ಲೋಟ ಎತ್ತಿ ಹೇಳಿದ. "ನಾರ್ಬ್ ಸರದಿ ಅಲ್ವಾ ಇದು? ಎಂಥಾ ಕಿಟ್ ಆರಿಸಿ ಹೋಗಿದಾನೆ ನೋಡು, ಪುಣ್ಯಾತ್ಮ!"

"ಅವನು ಆರ್ಸಿದ್ದು ಇದಲ್ಲ" ಅಂದ ವಿಲ್ಮರ್.

ಎಲ್ಲರೂ ಅವನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಅವನು ಬೇಗ ಆಗೋದನ್ನ ಆರ್ಸಿದ್ದ. ನಾನೇ ಅವನ ಕೈಯಿಂದ ತೆಗೆದು ವಾಪಸ್ ಇಟ್ಟೆ. ಹಸೀದಾದ್ರೂ ಒಂದು ಗುಟುಕು ಕೊಡೋ ಅಂದ. ಅದನ್ನೂ ಸಿಂಕಿಗೆ ಸುರಿದೆ. ಕೊನೇಗೆ ಅವನು ಕೇಳಿದ್ದು ಅದೊಂದೇ. ನಾನು ಕೊಡ್ಲಿಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಗಂಡ ನಾಲ್ಕು ಜನರೆದುರು ಮನಸ್ಸು ಬಿಚ್ಚಿದ್ದು ಅದೊಂದೇ ಸಲ. ಎಲ್ರಾಯ್ ತನ್ನ ಲೋಟದ ನೊರೆ ನೋಡಿದ. ಇನ್ನೊಬ್ಬ ಕೆಮ್ಮಿದ. ವಿಲ್ಮರ್ ತಲೆ ಎತ್ತಿ ನನ್ನನ್ನು ನೋಡಿದ. ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಇಡಬೇಕಿತ್ತು. ಒಂದು ಮಾತು ಆಡಬೇಕಿತ್ತು, ಬೈಗುಳವಾದರೂ ಆಗುತ್ತಿತ್ತು. ಊರಿನವರ ಹವಾಮಾನದ ಮಾತನ್ನು ಜೀವಮಾನವಿಡೀ ಹಳಿದವಳು ನಾನು.

"ಇನ್ನೂ ಸಾಸೇಜ್ ಇದೆ, ಯಾರಿಗೆ ಬೇಕು?" ಅಂದೆ.

ನಾಲ್ಕೈದು ತಟ್ಟೆಗಳು ತಟ್ಟನೆ ಮುಂದೆ ಬಂದವು. ಎಲ್ಲರಿಗೂ ಬಡಿಸಿದೆ. ಕೊನೆಗೆ ವಿಲ್ಮರ್ ಕೂಡ ತನ್ನ ತಟ್ಟೆಯನ್ನು ಚಾಚಿದ.

"ಸಾಸಿವೆ ಸಾಸ್ ಸ್ವಲ್ಪ ಹಾಕು" ಅಂದ.